ಮುಜಂಟಿಯ ಬಾಗಿಲಿಗೆ ನೇರಳೆ ಬಣ್ಣ

ಇದನ್ನು ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಹಾಗಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ವಿಜ್ಞಾನ ಓದಿದವಳಲ್ಲ. ಹಗಲು ಒಂದು ಬಸ್ ಕಂಪೆನಿಯ ಆಫೀಸಿನಲ್ಲಿ ಟೈಪ್ ಮಾಡುತ್ತಾ, ಸಂಜೆ ಕಾಲೇಜಿಗೆ ಹೋಗಿ ಹೇಗೋ ಬಿ.ಎ. ಮುಗಿಸಿದವಳು. ಹುಳಗಳ ವಿಷಯವನ್ನು ಹೇಳಬೇಕಾದವರು ಒಲಿಂಡಾ ಮೇಡಂ. ಅವರು ಹೇಳಿಯೂ ಇದ್ದಾರೆ, ಇಂಗ್ಲಿಷಿನಲ್ಲಿ. ಆ ಪ್ರಬಂಧ ವಿಶ್ವವಿದ್ಯಾನಿಲಯದ ಯಾವುದೋ ಕಪಾಟಿನಲ್ಲಿ ಇರಬೇಕು. ಆದರೆ ಅದರಲ್ಲಿ ಅಣ್ಣು ಮೇಸ್ತ್ರಿಯ ನಗು ಇಲ್ಲ, ನಮ್ಮ ಧಣಿಗಳ ಚೌಕಾಸಿ ಇಲ್ಲ, ಕಾರ್ಕಳದ ಆ ತುಳಸಿಕಟ್ಟೆಯೂ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಅದನ್ನು ಟೈಪ್ ಮಾಡಿದವಳು ನಾನೇ ಆದ್ದರಿಂದ ಗೊತ್ತು. ಬಿಟ್ಟುಹೋದದ್ದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಇನ್ನೊಂದು ಮಾತು: ಇಲ್ಲಿರುವ ಮಾತುಕತೆಗಳಲ್ಲಿ ಹೆಚ್ಚಿನವು ತುಳುವಿನಲ್ಲಿ ನಡೆದವು. ಕನ್ನಡಕ್ಕೆ ತರುವಾಗ ರುಚಿ ಕೆಟ್ಟಿದ್ದರೆ ಅದು ನನ್ನ ಕೈಯ ದೋಷ.

ಎಪ್ಪತ್ತೊಂಬತ್ತನೆಯ ಇಸವಿ. ನಮ್ಮ ಆಫೀಸು ಉಡುಪಿ ಬಸ್‌ಸ್ಟ್ಯಾಂಡಿನ ಎದುರಿನ ಕಟ್ಟಡದ ಮಾಳಿಗೆಯಲ್ಲಿತ್ತು. ಕಿಟಕಿಯಲ್ಲಿ ಬಗ್ಗಿದರೆ ಬಸ್ಸುಗಳ ಮಾಡು ಕಾಣುತ್ತಿತ್ತು, ಕಂಡಕ್ಟರುಗಳ ಕೂಗು ಕೇಳುತ್ತಿತ್ತು, ಕೆಳಗಿನ ಹೋಟೆಲಿನಿಂದ ಗೋಳಿಬಜೆಯ ವಾಸನೆ ಬರುತ್ತಿತ್ತು. ಕಂಪೆನಿಯ ಯಜಮಾನರು ಸರ್ವೋತ್ತಮ ಹೆಗ್ಡೆಯವರು. ನಾವೆಲ್ಲ ಅವರನ್ನು ಧಣಿ ಎನ್ನುತ್ತಿದ್ದೆವು. ಅವರ ಬಸ್ಸುಗಳಿಗೆ ಮೇಲೆ ಕೆನೆಬಣ್ಣ, ಕೆಳಗೆ ಹಸಿರು. ಪ್ರತಿ ಬಸ್ಸೂ ವರ್ಷಕ್ಕೊಮ್ಮೆ ಎಫ್.ಸಿ. ತಪಾಸಣೆಗೆ ಮುಂಚೆ ಕಾಪುವಿಗೆ ಹೋಗಿ, ಹೆದ್ದಾರಿಯ ಬದಿಯ ಅಣ್ಣು ಮೇಸ್ತ್ರಿಯ ಶೆಡ್ಡಿನಲ್ಲಿ ಬಣ್ಣ ಹೊಡೆಸಿಕೊಂಡು ಬರುತ್ತಿತ್ತು. ಬಂದ ದಿನ ಧಣಿಗಳು ಕೆಳಗಿಳಿದು ಬಸ್ಸಿನ ಮೈಮೇಲೆ ಅಂಗೈ ಸವರುತ್ತಿದ್ದರು, ಹಸುವನ್ನು ಸವರುವ ಹಾಗೆ.

ಆ ವರ್ಷ ನವೆಂಬರಿನಲ್ಲಿ ಕಾರ್ಕಳ ಲೈನಿನ ಬಸ್ಸು ಬಣ್ಣ ಮುಗಿಸಿ ಬಂತು. ಧಣಿಗಳು ಸವರಿದ ಕೈಯನ್ನು ಹಿಂದೆಗೆದು, ಕೆಳಗಿನಿಂದಲೇ ನನ್ನನ್ನು ಕೂಗಿದರು.

"ನಳಿನಾಕ್ಷೀ, ಬಂದು ನೋಡು! ಬಸ್ಸಿಗೆ ಸಿಡುಬು ಬಂದಿದೆ!"

ನಿಜವೇ. ಹಸಿರಿನ ಮೇಲೆ ಅಲ್ಲಲ್ಲಿ ಎಳ್ಳುಕಾಳಿನಂಥ ಕಪ್ಪು ಚುಕ್ಕೆಗಳು.

"ಅಣ್ಣುವಿಗೆ ಒಂದು ಪತ್ರ ಬರಿ. ಖಾರವಾಗಿ ಬರಿ. ಧೂಳು ಹಾರುವಾಗ ಬಣ್ಣ ಹೊಡೀಲಿಕ್ಕೆ ನಿನಗೆ ಎಂತ ಅರ್ಜೆಂಟು ಅಂತ ಕೇಳು. ಇನ್ನು ಮುಂದೆ ಬಸ್ಸು ಮಂಗಳೂರಿಗೆ ಹೋಗ್ತದೆ ಅಂತಲೂ ಬರಿ."

ನಾನು ಹೂಂ ಎಂದು ಮೇಲೆ ಬಂದು ಕಾಗದವನ್ನು ಮಿಷನ್ನಿಗೆ ಏರಿಸಿದೆ. ಆದರೆ ಒಬ್ಬ ಮನುಷ್ಯನ ಕೆಲಸ ಹೋಗುವಂಥ ಪತ್ರವನ್ನು ಸರಿಯಾಗಿ ನೋಡದೆ ಹೇಗೆ ಬರೆಯುವುದು ಎಂದು ಬೆರಳು ಓಡಲಿಲ್ಲ. ಪುನಃ ಕೆಳಗೆ ಹೋಗಿ, ತಲೆಯ ಪಿನ್ನು ತೆಗೆದು ಒಂದು ಚುಕ್ಕೆಯನ್ನು ಎಬ್ಬಿಸಿದೆ. ಅದಕ್ಕೆ ರೆಕ್ಕೆ ಇತ್ತು.

ನನ್ನ ಭಾಗ್ಯಕ್ಕೆ ಆ ಸಂಜೆ ಒಲಿಂಡಾ ಮೇಡಂ ಅವರ ಕ್ಲಾಸು. ಅವರು ಶಿರ್ವದವರು, ಪ್ರಾಣಿಶಾಸ್ತ್ರದ ಅಧ್ಯಾಪಕಿ. ಪಿಎಚ್.ಡಿ.ಗೆಂದು ಕಾಲೇಜಿನಿಂದ ರಜೆ ಪಡೆದಿದ್ದರೂ ಸಂಜೆ ಕಾಲೇಜಿನವರಾದ ನಮಗೆ ವಾರಕ್ಕೊಂದು ದಿನ ಸಾಮಾನ್ಯ ವಿಜ್ಞಾನ ಹೇಳಲು ಬರುತ್ತಿದ್ದರು. ನಾವು ಅವರಿಗೆ ಇಟ್ಟ ಹೆಸರು ಗೋಡೆ ಮೇಡಂ. ಉಡುಪಿಯ ಓಣಿಗಳಲ್ಲಿ ಹಳೆಯ ಮುರಕಲ್ಲಿನ ಗೋಡೆಗಳ ಎದುರು ಕೊಡೆ ಹಿಡಿದು, ಗೋಡೆ ಏನಾದರೂ ಹೇಳೀತೋ ಎಂಬಂತೆ ಅವರು ನಿಂತಿರುವುದನ್ನು ನೋಡದವರೇ ಇರಲಿಲ್ಲ. ಕ್ಲಾಸು ಬಿಟ್ಟ ಮೇಲೆ, ಟಿಕೇಟಿನ ಕಾಗದದಲ್ಲಿ ಸುತ್ತಿಟ್ಟಿದ್ದ ಆ ಚುಕ್ಕೆಯನ್ನು ಅವರ ಮೇಜಿನ ಮೇಲೆ ಇಟ್ಟೆ. ಬಲ್ಬು ಮಂಕಾಗಿತ್ತು. ಅವರು ಚೀಲದಿಂದ ಭೂತಗನ್ನಡಿ ತೆಗೆದು ನೋಡಿದರು. ಕಾಗದವನ್ನು ತಿರುಗಿಸಿ ಪುನಃ ನೋಡಿದರು.

"ಇದು ಎಲ್ಲಿ ಸಿಕ್ಕಿತು?"

"ನಮ್ಮ ಬಸ್ಸಿನ ಮೇಲೆ, ಮೇಡಂ. ಧೂಳಾ ಅಂತ ನೋಡಿದೆ."

"ಧೂಳಲ್ಲ ಮಾರಾಯ್ತಿ. ಮುಜಂಟಿ. ಕಾಲು ನೋಡು, ಕಾಲು!"

ಭೂತಗನ್ನಡಿಯಲ್ಲಿ ನೋಡಿದೆ. ಹಿಂಗಾಲಿನಲ್ಲಿ ಸಾಸಿವೆಗಿಂತ ಸಣ್ಣದಾದ ಒಂದು ಹಸಿರು ಉಂಡೆ. ನಮ್ಮ ಬಸ್ಸಿನ ಹಸಿರು.

ಮುಜಂಟಿ ಎಂದರೆ ಕುಟುಕದ ಸಣ್ಣ ಜೇನು. ಗೋಡೆಯ ಬಿರುಕಿನಲ್ಲಿ, ಮರದ ಪೊಟರೆಯಲ್ಲಿ ಗೂಡು ಕಟ್ಟುವಂಥದ್ದು. ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗೂಡಿನ ಬಾಯಿಗೆ ಅದು ಮೇಣ ಮತ್ತು ಮರದ ಅಂಟು ಸೇರಿಸಿ ಬೆರಳು ಗಾತ್ರದ ಒಂದು ನಳಿಗೆ ಕಟ್ಟುತ್ತದೆ. ಅದೇ ಅದರ ಬಾಗಿಲು. ಆ ಬಾಗಿಲಿನ ಬಳಿ ಏನೇನು ನಡೆಯುತ್ತದೆ ಎಂದು ಮಾತ್ರ ನಾನು ನೋಡಿರಲಿಲ್ಲ. ಮರುವಾರ ಮೇಡಂ ನನ್ನನ್ನು ಕಾಲೇಜಿನ ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ತೋರಿಸಿದರು. ಬಾಗಿಲಿನ ಅಂಚಿನಲ್ಲಿ ಕಾವಲಿನ ಹುಳಗಳು ತಲೆ ಹೊರಗಿಟ್ಟು ಕೂತಿದ್ದವು. ಇರುವೆಯ ಸಾಲೊಂದು ಬಂದು, ಹಸಿ ಅಂಟಿಗೆ ಮೀಸೆ ತಾಗಿಸಿ ಹಿಂದೆ ತಿರುಗಿತು. ಬೀದಿದೀಪ ಹತ್ತಿತು. ಕೂಡಲೇ ಮಾಡಿನ ಸಂದಿಯಿಂದ ಹಲ್ಲಿಯೊಂದು ಇಳಿದು, ತಡವಾಗಿ ಮನೆಗೆ ಮರಳುವ ಮುಜಂಟಿಗಳನ್ನು ಕಾಯುತ್ತಾ ಗೋಡೆಗೆ ಒತ್ತಿಕೊಂಡಿತು.

"ದೀಪ ಬರುವ ಮೊದಲು ಹಲ್ಲಿಗೆ ಈ ಹೊತ್ತಿನಲ್ಲಿ ಇಲ್ಲಿ ಕೆಲಸ ಇರಲಿಲ್ಲ," ಎಂದರು ಮೇಡಂ. "ಈಗ ಪೇಟೆ ಹಲ್ಲಿಗೆ ದೀಪ ಕೊಟ್ಟಿದೆ, ಮುಜಂಟಿಯ ಮರ ಕಡಿದಿದೆ. ಮರ ಇಲ್ಲದಿದ್ದರೆ ಅಂಟು ಎಲ್ಲಿಂದ? ಅಂಟು ಇಲ್ಲದೆ ಬಾಗಿಲು ಹೇಗೆ? ನನ್ನ ಕೆಲಸ ಇಷ್ಟೇ, ನೋಡು. ಎಲ್ಲರೂ ನಗ್ತಾರೆ."

"ನಗುವುದಿಲ್ಲ ಮೇಡಂ," ಎಂದೆ. ಗೋಡೆ ಮೇಡಂ ಎಂದು ನಕ್ಕವರಲ್ಲಿ ನಾನೂ ಒಬ್ಬಳಾದ್ದರಿಂದ ಮುಖ ಎತ್ತಲಿಲ್ಲ.

ಧಣಿಗಳಿಗೆ ವಿಷಯ ಹೇಳಿ ಪತ್ರ ನಿಲ್ಲಿಸಿದೆ. ಮುಂದಿನ ಭಾನುವಾರ ಮೇಡಂ ಜತೆ ಕಾಪುವಿಗೆ ಹೋದೆ. ಹೆದ್ದಾರಿಯ ಒಂದು ಬದಿ ಶೆಡ್ಡು, ಇನ್ನೊಂದು ಬದಿ ತೆಂಗಿನ ತೋಟ, ತೋಟದಾಚೆ ಕೆಲವು ಮನೆಗಳು, ಅವುಗಳ ಹಿಂದೆ ಸಮುದ್ರದ ಸದ್ದು, ದೂರದಲ್ಲಿ ದೀಪಸ್ತಂಭದ ತುದಿ. ಅಣ್ಣು ಮೇಸ್ತ್ರಿ ಲುಂಗಿಯ ಮೇಲೆ ಹಲವು ಕಂಪೆನಿಗಳ ಬಣ್ಣ ಹೊತ್ತು ನಿಂತಿದ್ದರು.

"ಬಾಯಮ್ಮ, ನೀವು ಬೇಕಾದರೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು," ಎಂದರು ಮೇಡಂಗೆ. "ಧಣಿಗಳು ವರ್ಷವೂ ನನ್ನ ಶೆಡ್ಡಿನ ಧೂಳಿಗೆ ಬೈದದ್ದು. ನಾನು ವರ್ಷವೂ ನೀರು ಚೆಲ್ಲಿ ಚೆಲ್ಲಿ ಬಾವಿ ಖಾಲಿ ಮಾಡಿದ್ದು. ಈಗ ನೋಡಿದರೆ ಕಳ್ಳರು ಈ ಪೀಕಲಾಟದ ಹುಳಗಳು!"

ಹಸಿ ಬಣ್ಣದ ಬಸ್ಸಿನ ಮೈಮೇಲೆ ಮುಜಂಟಿಗಳು ಇಳಿಯುತ್ತಿದ್ದವು. ಅಂಚಿನಲ್ಲಿ ಗಟ್ಟಿಯಾಗತೊಡಗಿದ ಬಣ್ಣವನ್ನು ಕೆರೆದು, ಹಿಂಗಾಲಿಗೆ ಮೆತ್ತಿಕೊಂಡು ಏಳುತ್ತಿದ್ದವು. ಕೆಲವು ಏಳಲಾಗದೆ ಅಲ್ಲೇ ಉಳಿಯುತ್ತಿದ್ದವು. ಶೆಡ್ಡಿನ ಹಿಂದಿನ ಪಾಗಾರದ ಗೋಡೆಯಲ್ಲಿ ಅವುಗಳ ಬಾಗಿಲುಗಳು. ಒಂದೊಂದು ನಳಿಗೆಯಲ್ಲೂ ಹಸಿರು, ಕೆಂಪು, ಹಳದಿಯ ಉಂಗುರಗಳು. ಮಕ್ಕಳಿಗೆ ತೊಡಿಸಿದ ಬಳೆಗಳ ಹಾಗೆ. ಮೇಡಂ ಆ ದಿನ ಊಟ ಮಾಡಲಿಲ್ಲ. ಶಿರ್ವದ ಬಸ್ಸಿನಲ್ಲಿ ಕೂತ ಮೇಲೆ ಅವರು ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಆ ಸಂತೋಷ ಕ್ರಿಸ್ಮಸ್ಸಿನವರೆಗೆ ಇತ್ತು. ಅವರು ಬರೆದ ಅಧ್ಯಾಯವನ್ನು ಮಾರ್ಗದರ್ಶಕರು ಹಿಂದಕ್ಕೆ ಕಳಿಸಿದರು. ಪಾಗಾರವು ಬಣ್ಣದ ಶೆಡ್ಡಿನದ್ದೇ ಆದ್ದರಿಂದ ಅಲ್ಲಿನ ಬಣ್ಣ ಕುಂಚದಿಂದ ಸಿಡಿದದ್ದಲ್ಲವೆಂದು ಹೇಗೆ ನಂಬುವುದು ಎಂದು ಕೇಳಿದ್ದರು. ತಪ್ಪಾದ ಪ್ರಶ್ನೆಯಲ್ಲ ಎಂದರು ಮೇಡಂ. ಆದರೆ ಆ ಪ್ರೊಫೆಸರರು ಬೇಸಿಗೆ ಕಳೆದರೆ ನಿವೃತ್ತರಾಗುವವರಿದ್ದರು. ಪೇಟೆಯ ಗೋಡೆಯ ಹುಳಗಳನ್ನು ಒಂದು ವಿಷಯವೆಂದು ಒಪ್ಪಿಕೊಳ್ಳುವ ಬೇರೆಯವರು ವಿಭಾಗದಲ್ಲಿ ಇರಲಿಲ್ಲ. ಮೇಡಂ ಅವರ ರಜೆಯೂ ಜೂನಿಗೆ ಮುಗಿಯುತ್ತಿತ್ತು. ಉಳಿದದ್ದು ಒಂದೇ ಬೇಸಿಗೆ. ಅಷ್ಟರೊಳಗೆ, ಮುಜಂಟಿ ತಾನಾಗಿಯೇ ಬಣ್ಣ ಹೊತ್ತೊಯ್ಯುತ್ತದೆ, ಅಂಟಿನ ಮರ ಇಲ್ಲದಿರುವುದರಿಂದಲೇ ಒಯ್ಯುತ್ತದೆ ಎಂದು ತೋರಿಸದಿದ್ದರೆ ಇಷ್ಟು ವರ್ಷ ಗೋಡೆಯೆದುರು ನಿಂತದ್ದು ಬರೇ ನಿಂತದ್ದಾಗುತ್ತಿತ್ತು.

ಉಪಾಯ ಅವರೇ ಕಂಡುಹಿಡಿದರು. ಯಾವ ಬಸ್ಸಿಗೂ ಯಾವ ಮನೆಗೂ ಇಲ್ಲದ ಒಂದು ಬಣ್ಣ ಬೇಕು. ಅದನ್ನು ಕಾಪುವಿನ ಶೆಡ್ಡಿನಲ್ಲಿ ಮಾತ್ರ ಹಚ್ಚಬೇಕು. ಹೆದ್ದಾರಿ ದಾಟಿ, ತೋಟ ದಾಟಿ, ಆಚೆಯ ಮನೆಯ ಗೋಡೆಯ ಗೂಡಿನಲ್ಲಿ ಆ ಬಣ್ಣ ಕಂಡರೆ ಅದು ಕುಂಚದ್ದಲ್ಲ. ಎಷ್ಟು ದೂರ ಹಾರುತ್ತವೆ ಎಂಬುದೂ ತಿಳಿಯುತ್ತದೆ. ಹೋಲಿಸಿ ನೋಡಲು ಕಾರ್ಕಳದಲ್ಲಿ ಒಂದು ಗೂಡು. ಅಲ್ಲಿ ಸುತ್ತ ಹಲಸು, ಮಾವು, ಧೂಪದ ಮರಗಳಿವೆ, ಬಸ್ಸಿಗೆ ಬಣ್ಣ ಹೊಡೆಯುವವರಿಲ್ಲ. ಅಲ್ಲಿಯ ಬಾಗಿಲು ಅಂಟಿನದ್ದಾಗಿಯೇ ಉಳಿಯಬೇಕು. ಆ ಗೂಡನ್ನು ತೋರಿಸಿದವರು ನಮ್ಮ ಕಾರ್ಕಳ ಬಸ್ಸಿನ ಕಂಡಕ್ಟರ್ ಜನಾರ್ದನ. ಅವರ ಅಕ್ಕನ ಮನೆಯ ಗೋಡೆ ಅದು.

ಮೇಡಂ ನಮ್ಮ ಆಫೀಸಿಗೆ ಬಂದು ಧಣಿಗಳ ಎದುರು ಕೂತರು. ಧಣಿಗಳ ಹೆಂಡತಿ ಕುಶಲಕ್ಕ ಕ್ಯಾರಿಯರಿನಲ್ಲಿ ಊಟ ತಂದವರು ಅಲ್ಲೇ ಇದ್ದರು.

"ನೇರಳೆಯಾ?" ಎಂದರು ಧಣಿಗಳು. "ನನ್ನ ಬಸ್ಸಿಗೆ? ಮೇಡಂ, ನನ್ನದು ಲೈನ್ ಬಸ್ಸು, ಸರ್ಕಸ್ಸಿನ ಡೇರೆ ಅಲ್ಲ."

"ಪೂರ್ತಿ ಬೇಡ ಹೆಗ್ಡೇರೆ. ಕಿಟಕಿಯ ಕೆಳಗೆ ಒಂದು ಪಟ್ಟಿ."

"ಎಷ್ಟು ಅಗಲ?" ಧಣಿಗಳು ಎರಡು ಬೆರಳು ತೋರಿಸಿದರು. "ಇಷ್ಟು?"

ಮೇಡಂ ಅಂಗೈ ಅಗಲಿಸಿದರು.

"ಅಷ್ಟು ಇಟ್ಟರೆ ಡ್ರೈವರ್ ಲಿಡ್ವಿನ್ ನಾಚಿಕೆಯಿಂದ ಬಸ್ಸು ಹತ್ತಲಿಕ್ಕಿಲ್ಲ. ನಾಲ್ಕು ಬೆರಳು."

"ಹುಳಕ್ಕೆ ಕಾಣಬೇಕಲ್ಲ?"

"ಪ್ಯಾಸೆಂಜರಿಗೂ ನನ್ನ ಬಸ್ಸು ಅಂತ ಕಾಣಬೇಕಲ್ಲ?"

ಕುಶಲಕ್ಕ ಬಟ್ಟಲು ಇಡುತ್ತಾ ಹೇಳಿದರು: "ಮಲ್ಪೆಯಲ್ಲಿ ಅಂಜಲ್ ಮೀನಿಗೆ ಚೌಕಾಸಿ ಮಾಡಿದ ಹಾಗೆ ಆಯ್ತು ಇದು. ನಿಮ್ಮ ಮಗನಿಗೆ ಕೆಮ್ಮಾದಾಗ ಅತ್ತೆಯವರು ಯಾವ ಜೇನು ನೆಕ್ಕಿಸಿದ್ದು, ಹೇಳಿ? ಮುಜಂಟಿಯದ್ದೇ ಅಲ್ವಾ? ಒಂದು ಅಂಗೈ ಬಣ್ಣ ಕೊಟ್ಟರೆ ನಿಮಗೆ ಎಂತ ಹೋಗ್ತದೆ?"

ಮೇಡಂ ಕೊನೆಯ ಮಾತು ಹೇಳಿದರು. ಹುಳ ಯಾವ ಹೊತ್ತಿಗೆ ಬರುತ್ತದೆ, ಯಾವ ಹೊತ್ತಿಗೆ ಹೋಗುತ್ತದೆ ಎಂದು ತಾನು ನೋಡಿ ಹೇಳಿದರೆ, ಮುಂದೆ ಬಸ್ಸಿಗೆ ಸಿಡುಬು ಬಾರದ ಹಾಗೆ ಮಾಡಬಹುದು. ಧಣಿಗಳು ಇದನ್ನು ಕೇಳಿ ಅಂಗೈಯಗಲಕ್ಕೆ ಒಪ್ಪಿದರು. ಆದರೆ ಅವರದೊಂದು ಶರತ್ತು: ಫೆಬ್ರವರಿಯಲ್ಲಿ ಸೂರ್ಯಗ್ರಹಣ ಉಂಟು, ಅದು ಕಳೆಯದೆ ಬಸ್ಸಿಗೆ ಹೊಸ ಬಣ್ಣ ಮುಟ್ಟಿಸುವುದು ಬೇಡ. ಮೇಡಂಗೆ ಒಂದೊಂದು ವಾರವೂ ಬಂಗಾರ. ಆದರೂ ಹೂಂ ಎಂದರು.

ಗ್ರಹಣದ ದಿನ ಉಡುಪಿಯ ಬೀದಿಗಳು ಬಂದ್ ಆದ ಹಾಗಿದ್ದವು. ನಾನು ಹೆದರಿಕೊಂಡೇ ಮೇಡಂ ಜತೆ ಓಣಿಯ ಗೋಡೆಯ ಎದುರು ನಿಂತಿದ್ದೆ. ಮನೆಯಲ್ಲಿ ಹೇಳಿರಲಿಲ್ಲ. ಬಿಸಿಲು ಹಳೆಯ ಹಿತ್ತಾಳೆಯ ಬಣ್ಣಕ್ಕೆ ತಿರುಗಿದಾಗ ಮುಜಂಟಿಗಳು ಒಂದರ ಹಿಂದೆ ಒಂದು ಒಳಗೆ ಹೋದವು, ಬೆಳಕು ಬಂದಾಗ ಹೊರಗೆ ಬಂದವು. "ಇವಕ್ಕೂ ಗ್ರಹಣ ಉಂಟು ಮೇಡಂ," ಎಂದೆ. ಅವರು ನಕ್ಕದ್ದು ಈಗಲೂ ಕಿವಿಯಲ್ಲಿದೆ. ಆ ಓಣಿ ಈಗ ಇಲ್ಲ.

ಗ್ರಹಣ ಕಳೆದ ವಾರ ಅಣ್ಣು ಮೇಸ್ತ್ರಿ ಕೆಂಪಿಗೆ ನೀಲಿ ಬೆರೆಸಿ, ಬಿಳಿ ಬೆರೆಸಿ, ತಲೆ ಓರೆ ಮಾಡಿ ನೋಡಿ, ಕುನ್ನೇರಳೆ ಹಣ್ಣಿನ ಬಣ್ಣವನ್ನೇ ತಂದರು. ಕಾರ್ಕಳ ಲೈನಿನ ಬಸ್ಸಿಗೆ ಪಟ್ಟಿ ಎಳೆದಾಯಿತು. ಹೆದ್ದಾರಿಯಲ್ಲಿ ಹೋಗುವ ಲಾರಿಗಳವರು ತಲೆ ಹೊರಹಾಕಿ ನೋಡಿದರು. ಡ್ರೈವರ್ ಲಿಡ್ವಿನ್, "ಮದುವೆ ಬಸ್ಸಿಗೆ ಹೆಣ್ಣಿಲ್ಲ, ಅಷ್ಟೇ ಬಾಕಿ," ಎಂದರು. ಹಾಗೆಂದರೂ ಪಟ್ಟಿಗೆ ಕೈ ತಾಗದಂತೆ ಎಲ್ಲರನ್ನೂ ಅವರೇ ದೂರ ನಿಲ್ಲಿಸುತ್ತಿದ್ದರು. ಮುಜಂಟಿಗಳು ಮಧ್ಯಾಹ್ನದೊಳಗೆ ನೇರಳೆಯನ್ನು ಕಂಡುಕೊಂಡವು.

ಆಮೇಲೆ ಕಾಯುವ ಕೆಲಸ. ಆಫೀಸಿಗೆ ರಜೆಯಿದ್ದ ದಿನಗಳಲ್ಲಿ ನಾನೂ ಹೋಗುತ್ತಿದ್ದೆ. ತೋಟದಾಚೆಯ ಮನೆಯ ಗೋಡೆಯಲ್ಲಿ ಒಂದು ಬೆಳಿಗ್ಗೆ, ಬಾಗಿಲಿನ ತುಟಿಯಲ್ಲಿ, ನೂಲಿನಷ್ಟು ಸಪೂರವಾಗಿ ನೇರಳೆ ಗೆರೆ ಕಂಡಿತು. ಮೇಡಂ ನನ್ನ ಕೈ ಹಿಡಿದುಕೊಂಡರು. ಕೊಂಕಣಿಯಲ್ಲಿ ಏನೋ ಹೇಳಿಕೊಂಡರು, ಪ್ರಾರ್ಥನೆ ಇರಬೇಕು. ಮಣಿಪಾಲದಲ್ಲಿ ಅವರು ಬಾಡಿಗೆಗಿದ್ದ ಕೋಣೆಗೆ ಆ ಸಂಜೆ ಕರೆದುಕೊಂಡು ಹೋಗಿ ಕಾಫಿ ಮಾಡಿ ಕೊಟ್ಟರು. ಗುಡ್ಡದ ಮೇಲಿನ ಆ ಕಿಟಕಿಯಿಂದ ದೂರದಲ್ಲಿ ಸಮುದ್ರ ಒಂದು ಬಿಳಿ ಗೆರೆಯಾಗಿ ಕಾಣುತ್ತಿತ್ತು. "ನಳಿನಾಕ್ಷಿ, ಇನ್ನು ಕಾರ್ಕಳದ ಬಾಗಿಲು ಹಾಗೆಯೇ ಉಂಟು ಅಂತ ನೋಡಿ ಬಂದರೆ ಆಯ್ತು. ನಾನು ಬರೆಯಲಿಕ್ಕೆ ಕೂತುಕೊಳ್ತೇನೆ. ನೀನು ಟೈಪ್ ಮಾಡ್ತೀಯಲ್ಲ?" ಎಂದರು. ಇಂಗ್ಲಿಷಿನಲ್ಲಿ ತಪ್ಪು ಬಂದೀತೆಂಬ ಭಯವಿದ್ದರೂ ಒಪ್ಪಿದೆ.

ಕಾರ್ಕಳಕ್ಕೆ ನಾವು ಆ ನೇರಳೆ ಪಟ್ಟಿಯ ಬಸ್ಸಿನಲ್ಲೇ ಹೋದೆವು. ಕಾಪು, ಶಿರ್ವ, ಬೆಳ್ಮಣ್ ದಾಟುವಾಗ ಶಾಲೆಯ ಮಕ್ಕಳು ರಸ್ತೆ ಬದಿ ನಿಂತು, "ನೇರಳೆ ಬಸ್ಸು ಬಂತು!" ಎಂದು ಕೂಗುತ್ತಿದ್ದವು. ಜನಾರ್ದನ ಒಂದೊಂದು ಸ್ಟಾಪಿನಲ್ಲೂ ಹೆಮ್ಮೆಯಿಂದ ಸೀಟಿ ಊದುತ್ತಿದ್ದರು. ಅಕ್ಕನ ಮನೆಯಲ್ಲಿ ಊಟಕ್ಕೆ ಹೇಳಿದ್ದೇನೆ, ಉಣ್ಣದೆ ಬರಬಾರದು ಎಂದು ನಮ್ಮನ್ನು ಇಳಿಸಿದರು.

ಅಕ್ಕ ಮನೋರಮಾ ಬಾಗಿಲಲ್ಲೇ ಇದ್ದರು. ನಾವು ಮೊದಲು ಗೋಡೆಯ ಬಳಿ ಹೋದೆವು. ಮೇಡಂ ಬಗ್ಗಿ ನೋಡಿದರು. ನೆಟ್ಟಗೆ ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಪುನಃ ನೋಡಿದರು.

ಬಾಗಿಲಿನ ಸುತ್ತ ನೇರಳೆ. ಕಾಪುವಿನಲ್ಲಿ ಕಂಡದ್ದಕ್ಕಿಂತ ದಪ್ಪನೆಯ ಉಂಗುರ.

ಕಾಪುವಿನಿಂದ ಕಾರ್ಕಳಕ್ಕೆ ಬಸ್ಸಿಗೇ ಒಂದು ಗಂಟೆಗೂ ಮೀರಿ ಬೇಕು. ಸಾಸಿವೆಯಂಥ ಹುಳ ಬರುವುದು ಹೇಗೆ? ಮೇಡಂ ಗೋಡೆಗೆ ಕೈಯೂರಿ, ಮೆಲ್ಲಗೆ, "ನಾನು ಎಲ್ಲವನ್ನೂ ತಪ್ಪು ತಿಳಿದಿದ್ದೇನೆ. ಇದು ಬಣ್ಣವೇ ಅಲ್ಲವೋ ಏನೋ. ಯಾವುದೋ ಹೂವಿನದ್ದೋ, ಹಣ್ಣಿನದ್ದೋ. ಪ್ರೊಫೆಸರ್ ಹೇಳಿದ್ದೇ ಸರಿ," ಎಂದರು.

ಆಗ ಮನೋರಮಕ್ಕ ಹಿಂದಿನಿಂದ ಕೂಗಿದರು. "ಅಲ್ಲಿ ಎಂತ ನೋಡುವುದು ಮೇಡಂ, ಇಲ್ಲಿ ಬನ್ನಿ! ತಮ್ಮ ತಂದ ಬಣ್ಣ ನೋಡಿ, ಎಷ್ಟು ಚಂದ ಬಂದಿದೆ!"

ಅಂಗಳದ ನಡುವೆ ತುಳಸಿಕಟ್ಟೆ. ಬುಡದಿಂದ ತುದಿಯವರೆಗೆ ನಮ್ಮ ನೇರಳೆ.

ಮನೋರಮಕ್ಕ ಬಡಿಸಿದ ಗಂಜಿಯೂಟ ಉಂಡು ಹೊರಟೆವು. ಬಸ್ಸು ಹಿಂದೆ ತಿರುಗುವಾಗ ಜನಾರ್ದನರನ್ನು ಕೇಳಿದೆ.

"ಅದು ತಳದ ಬಣ್ಣ ಅಲ್ವಾ," ಎಂದರು ಅವರು, ಇದರಲ್ಲಿ ಕೇಳುವುದೆಂತ ಎಂಬಂತೆ. "ಡಬ್ಬದ ತಳದಲ್ಲಿ ಉಳಿದದ್ದು ಆ ಬಸ್ಸಿನ ಡ್ರೈವರಿಗೂ ಕಂಡಕ್ಟರಿಗೂ. ಅಣ್ಣು ಮೇಸ್ತ್ರಿಯ ಅಪ್ಪನ ಕಾಲದಿಂದ ಹಾಗೆಯೇ. ಊರಲ್ಲಿ ಎಷ್ಟು ಕಿಟಕಿ ಹಸಿರು, ನೋಡಿ! ಎಲ್ಲ ನಮ್ಮ ಬಸ್ಸಿನದ್ದೇ."

"ಹಾಗಾದರೆ ಲಿಡ್ವಿನ್ ಅವರಿಗೂ ಕೊಟ್ಟಿದ್ದಾರಾ?"

ಸ್ಟಿಯರಿಂಗ್ ಹಿಡಿದಿದ್ದ ಲಿಡ್ವಿನ್ ಕನ್ನಡಿಯಲ್ಲಿ ನಮ್ಮನ್ನು ನೋಡಿ ನಕ್ಕರು. "ಕೊಡದೆ? ನಮ್ಮ ಅಂಗಳದ ಶಿಲುಬೆಗೆ ಹಚ್ಚಿದೆ. ಪಾದ್ರಿಗಳೂ ಹೊಗಳಿದರು. ಈಸ್ಟರಿಗೆ ಮೊದಲಿನ ನೋಂಬಿನ ಸಮಯಕ್ಕೆ ಸರಿಯಾದ ಬಣ್ಣ ಅಂತ."

ಲಿಡ್ವಿನರ ಮನೆ ಕಾಪುವಿನಲ್ಲಿ, ತೋಟದಾಚೆ, ನಾವು ಗೆರೆ ಕಂಡ ಗೋಡೆಯ ಪಕ್ಕದ ಅಂಗಳ.

ಮೇಡಂ ಕಿಟಕಿಯ ಸರಳಿಗೆ ತಲೆಯಿಟ್ಟು ಕಣ್ಣು ಮುಚ್ಚಿದರು. ಬೆಳ್ಮಣ್ ಬಂದಾಗ ಕಣ್ಣು ಬಿಡದೆಯೇ ಹೇಳಿದರು: "ಬೇರೆ ಯಾವ ಊರಿನಲ್ಲಾದರೂ ಉಳಿದ ಬಣ್ಣವನ್ನು ಚೆಲ್ಲುತ್ತಿದ್ದರು, ಅಲ್ವಾ ನಳಿನಾಕ್ಷಿ? ಇಲ್ಲಿ ದೇವರಿಗೆ ಕೊಡ್ತಾರೆ."

ಅಣ್ಣು ಮೇಸ್ತ್ರಿ ವಿಷಯ ಕೇಳಿ ತಲೆಗೆ ಕೈಕೊಟ್ಟು ಕೂತುಬಿಟ್ಟರು. "ಒಂದು ಮಾತು ಹೇಳಿದ್ದರೆ ತಳದ್ದನ್ನು ನಾನೇ ಕುಡಿದುಬಿಡ್ತಿದ್ದೆ ಬಾಯಮ್ಮ!" ಎಂದರು. ಹೇಳುವುದು ಹೇಗೆ? ಅಂಥ ರೂಢಿ ಇದೆಯೆಂದು ಮೇಡಂಗೆ ಗೊತ್ತಿರಲಿಲ್ಲ. ಇದು ಹೇಳಬೇಕಾದ ವಿಷಯವೆಂದು ಶೆಡ್ಡಿನವರಿಗೆ ಹೊಳೆದಿರಲಿಲ್ಲ. ಪುನಃ ಬೇರೆ ಬಣ್ಣ ಹಚ್ಚಿ ನೋಡೋಣವೆಂದರೆ ಆ ಬೇಸಿಗೆಗೆ ಬೇರೆ ಬಸ್ಸಿನ ಸರದಿ ಇರಲಿಲ್ಲ. ಮೇ ತಿಂಗಳು ಹತ್ತಿರ ಬರುತ್ತಿತ್ತು.

ಧಣಿಗಳು ಮೇಡಂ ಅವರನ್ನು ಸಮಾಧಾನಪಡಿಸಲು ನೋಡಿದರು. "ಎಂತದಕ್ಕೆ ಬೇಜಾರು? ಕಾಪುವಿನದ್ದು ಬರೆಯಿರಿ. ಕಾರ್ಕಳದ್ದು ಬರೆಯಬೇಡಿ. ನಿಮ್ಮ ಪ್ರೊಫೆಸರು ಕಾರ್ಕಳಕ್ಕೆ ಬಂದು ತುಳಸಿಕಟ್ಟೆ ನೋಡ್ತಾರಾ?"

"ನೋಡುವುದಿಲ್ಲ ಹೆಗ್ಡೇರೆ."

"ಮತ್ತೆ?"

"ನಾನು ನೋಡಿದ್ದೇನಲ್ಲ. ಅಷ್ಟು ದೊಡ್ಡ ಕಟ್ಟೆಯನ್ನು ಎಲ್ಲಿ ಅಡಗಿಸಲಿ?"

ಧಣಿಗಳು ನನ್ನತ್ತ ತಿರುಗಿ, "ಓದಿದವರಿಗೆ ಬುದ್ಧಿ ಹೇಳಬಾರದು ಅಂತ ಇದಕ್ಕೇ," ಎಂದರು. ಆದರೆ ಆ ದಿನದಿಂದ ಆಫೀಸಿನ ಟೈಪ್‌ರೈಟರನ್ನು ಸಂಜೆ ಕೆಲಸಕ್ಕೆ ಉಪಯೋಗಿಸಲು ನನಗೆ ಅಪ್ಪಣೆ ಕೊಟ್ಟರು.

ಮೇಡಂ ಮತ್ತೆ ಕೆಲವು ಸಲ ಕಾರ್ಕಳಕ್ಕೆ ಹೋದರು. ತುಳಸಿಕಟ್ಟೆಯ ಅಂಚಿನಿಂದ ಮುಜಂಟಿ ಬಣ್ಣ ಕೆರೆಯುವುದನ್ನು ಕಣ್ಣಾರೆ ನೋಡಿದರು. ಕಟ್ಟೆಗೂ ಗೋಡೆಗೂ ನಡುವೆ ಇಡೀ ಅಂಗಳ. ಕುಂಚ ಅಲ್ಲಿಯವರೆಗೆ ಸಿಡಿಯುವುದಿಲ್ಲ. ಪ್ರೊಫೆಸರರ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು. ಆದರೆ ಅದೇ ಅಂಗಳದ ಮೂಲೆಯಲ್ಲಿ ಹಲಸಿನ ಮರವೂ ಇತ್ತು. ಅದರ ತೊಟ್ಟುಗಳಿಂದ ಬೇಕಾದಷ್ಟು ಅಂಟು ಸುರಿಯುತ್ತಿತ್ತು. ಮರವಿಲ್ಲದ್ದರಿಂದ ಮುಜಂಟಿ ಬಣ್ಣಕ್ಕೆ ಹೋಗುತ್ತದೆ ಎಂಬ ಮೇಡಂ ಅವರ ಮಾತು, ಅವರ ಇಡೀ ಕೆಲಸದ ಬೆನ್ನೆಲುಬು, ಅಲ್ಲಿಗೆ ಮುರಿಯಿತು. ಎಷ್ಟು ದೂರ ಹಾರುತ್ತವೆ ಎಂಬ ಲೆಕ್ಕವನ್ನು ಲಿಡ್ವಿನರ ಶಿಲುಬೆ ಕೆಡಿಸಿತ್ತು.

ಆ ಪುಟಗಳನ್ನು ಟೈಪ್ ಮಾಡಿದ ಸಂಜೆಗಳು ನನಗೆ ಮರೆಯುವುದಿಲ್ಲ. ಕೆಳಗೆ ಕೊನೆಯ ಬಸ್ಸುಗಳು ಹೊರಡುತ್ತಿದ್ದವು. ಮೇಡಂ ಎದುರಿನ ಬೆಂಚಿನಲ್ಲಿ ಕೂತು ಒಂದೊಂದೇ ವಾಕ್ಯ ಹೇಳುತ್ತಿದ್ದರು. ತಾನು ಅಂದುಕೊಂಡದ್ದು ಸರಿಯಾಗಲಿಲ್ಲ ಎಂಬ ವಾಕ್ಯಕ್ಕೆ ಬಂದಾಗ ನಾನು ಬೆರಳು ನಿಲ್ಲಿಸಿದೆ.

"ಹೀಗೆಯೇ ಹೊಡೆಯಲಾ ಮೇಡಂ? ಸ್ವಲ್ಪ ಮೆತ್ತಗೆ ಮಾಡಿದರೆ?"

"ಮೆತ್ತಗೆ ಮಾಡಿದರೆ ಅದು ಬೇರೆ ವಾಕ್ಯ ಆಗ್ತದೆ. ಹೊಡಿ."

ಹೊಡೆದೆ. ಆ ಪುಟದಲ್ಲಿ ಒಂದೂ ತಪ್ಪು ಬಾರದಂತೆ ಎರಡು ಸಲ ಹೊಡೆದೆ.

ಪ್ರಬಂಧ ಕಳಿಸಿ ಉತ್ತರ ಬರುವವರೆಗೆ ಮೇಡಂ ನಮ್ಮ ಕ್ಲಾಸಿನಲ್ಲಿ ಪಾಠ ಹೇಳುವಾಗ ನಡುನಡುವೆ ಮಾತು ಮರೆಯುತ್ತಿದ್ದರು. ಮೊದಲ ಮಳೆಯ ಹೊತ್ತಿಗೆ ಪ್ರೊಫೆಸರರೇ ಅವರನ್ನು ಕರೆಸಿಕೊಂಡರು. ಹಿಂದೆ ಬಂದವರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ, ಕೊಡೆಯ ನೀರನ್ನೂ ಕೊಡವದೆ, "ಒಪ್ಪಿದರು," ಎಂದರು. ಪ್ರಬಂಧ ಸಣ್ಣದಾಗಿದೆ, ಆದರೆ ನಿಲ್ಲುತ್ತದೆ ಎಂದಿದ್ದರಂತೆ. ತುಳಸಿಕಟ್ಟೆಯ ಭಾಗವನ್ನು ಎರಡು ಸಲ ಓದಿಸಿ ನಕ್ಕರಂತೆ. ಮೇಡಂ ಮುಂದೆ ಡಾಕ್ಟರ್ ಒಲಿಂಡಾ ಆದರು. ಅವರು ಬಯಸಿದ್ದ ದೊಡ್ಡ ಉತ್ತರ ಮಾತ್ರ ಅವರಿಗೆ ಸಿಗಲಿಲ್ಲ, ಮುಂದೆ ಹುಡುಕಲು ಕಾಲೇಜಿನ ಕೆಲಸ ಬಿಡಲೂ ಇಲ್ಲ.

ಧಣಿಗಳಿಗೆ ಕೊಟ್ಟ ಮಾತನ್ನು ಅವರು ನಡೆಸಿಕೊಟ್ಟರು. ಮುಜಂಟಿಗಳು ಮನೆ ಸೇರಿದ ಮೇಲೆ, ಸಂಜೆಯೇ ಕೊನೆಯ ಕೈ ಹೊಡೆಯಿರಿ ಎಂದರು. ಬಸ್ಸುಗಳ ಸಿಡುಬು ಬಹಳ ಮಟ್ಟಿಗೆ ಹೋಯಿತು. ನೇರಳೆ ಪಟ್ಟಿಯನ್ನು ಮುಂದಿನ ವರ್ಷ ಅಳಿಸಲು ಹೇಳಿದಾಗ ಬೆಳ್ಮಣ್‌ನವರು ತಕರಾರು ಮಾಡಿದರು. ದೂರದಿಂದಲೇ ಗುರುತು ಸಿಗುವ ಬಸ್ಸು ಅದೊಂದೇ ಎಂದರು. ಹಾಗಾಗಿ ಆ ಪಟ್ಟಿ ಎಂಬತ್ತೈದರವರೆಗೂ ಉಳಿಯಿತು. ಅಣ್ಣು ಮೇಸ್ತ್ರಿ ಪ್ರತಿ ಸಲ ತಳದ ಬಣ್ಣ ಕೊಡುವಾಗ, "ಬಾಯಮ್ಮನ ಅಪ್ಪಣೆ ಉಂಟಾ?" ಎಂದು ಕೇಳಿ ನಗುತ್ತಿದ್ದರಂತೆ.

ಈಗ ಕಾರ್ಕಳದ ಆ ಕಟ್ಟೆಗೆ ಸಿಮೆಂಟು ಬಂದಿದೆ. ಕಾಪುವಿನ ಶೆಡ್ಡು ಇದ್ದ ಜಾಗವನ್ನು ಬಸ್ಸಿನಲ್ಲಿ ಹೋಗುವಾಗ ಹುಡುಕುತ್ತೇನೆ, ಸಿಗುವಷ್ಟರಲ್ಲಿ ದಾಟಿಹೋಗಿರುತ್ತದೆ. ಹಳೆಯ ಗೋಡೆ ಕಂಡರೆ ಈಗ ನಾನೂ ನಿಲ್ಲುತ್ತೇನೆ. ನನ್ನನ್ನು ನೋಡಿ ಯಾರಾದರೂ ಹೆಸರಿಟ್ಟಿರಬಹುದು.

ಹೇಳಬೇಕಾದದ್ದನ್ನು ಹೇಳಿದ್ದೇನೋ ಇಲ್ಲವೋ ತಿಳಿಯದು. ಒಂದು ಮಾತ್ರ ಖಾತ್ರಿ. ಅಂಗಳದ ಮೂಲೆಯಲ್ಲೇ ಹಲಸಿನ ಅಂಟು ಇರುವಾಗ ಮುಜಂಟಿಗಳು ತುಳಸಿಕಟ್ಟೆಯ ಬಣ್ಣವನ್ನೇ ಯಾಕೆ ಹೊತ್ತವು ಎಂದು ಮೇಡಂಗೆ ಗೊತ್ತಾಗಲಿಲ್ಲ. ಆ ಬಣ್ಣದ ಬಾಗಿಲು ಹಲ್ಲಿಯನ್ನೂ ಇರುವೆಯನ್ನೂ ತಡೆಯಿತೇ, ಒಳಗಿನ ಮರಿಗಳಿಗೆ ಅದರಿಂದ ಕೆಡುಕಾಯಿತೇ ಎಂಬುದೂ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.